ಕನಿಷ್ಠ ಎರಡು ಬಟ್ಟಲು

ಫ್ರಿಜ್ಜಿನ ಬಾಗಿಲು ತೆಗೆದವನು ನೀರಿನ ಬಾಟಲಿ ಹುಡುಕುವುದು ಬಿಟ್ಟು ಡಬ್ಬಿ ಎಣಿಸುತ್ತ ನಿಂತುಬಿಟ್ಟ. ಒಂಬತ್ತು ಡಬ್ಬಿ. ಒಂದೊಂದರ ಮುಚ್ಚಳದ ಮೇಲೂ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ವಾರದ ಹೆಸರು ಬರೆದಿತ್ತು. ಒಂದನ್ನು ತೆಗೆದು ನೋಡಿದರೆ ಬೇಯಿಸಿ ಅರೆದ ಕುಂಬಳಕಾಯಿ. ಪಕ್ಕದ್ದರಲ್ಲೂ ಅದೇ. ಅದರ ಹಿಂದಿನದ್ದು ಕ್ಯಾರೆಟ್ಟು, ಅಂಚಿನಲ್ಲಿ ನೀರು ಬಿಟ್ಟುಕೊಂಡಿತ್ತು.

"ನೀರು ಬಾಗಿಲಲ್ಲೇ ಇದೆ ನೋಡು ಮರಿ," ಒಳಗಿನಿಂದ ಅತ್ತಿಗೆ ಹೇಳಿದರು.

ಅತ್ತಿಗೆ ಕಣ್ಣಿನ ಪೊರೆ ತೆಗೆಸಿಕೊಂಡು ಬಂದು ಇನ್ನೂ ಒಂದು ಗಂಟೆ ಆಗಿರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದವನು ಇವನೇ. ವಯಸ್ಸು ಐವತ್ತೆರಡು, ಅಡುಗೆಮನೆಯ ಯಂತ್ರ ಮಾಡುವ ಕಾರ್ಖಾನೆಯಲ್ಲಿ ನಕ್ಷೆ ವಿಭಾಗದ ಮುಖ್ಯಸ್ಥ. ಆದರೂ ಅತ್ತಿಗೆಗೆ ಇನ್ನೂ ಮರಿಯೇ. ಅವನಿಗೆ ಏಳು ತುಂಬುವಾಗ ತಾಯಿ ತೀರಿಕೊಂಡಳು. ಆ ಮನೆಗೆ ಆಗಷ್ಟೇ ಸೊಸೆಯಾಗಿ ಬಂದಿದ್ದ ಈಕೆ ಅವನಿಗೆ ತಲೆ ಬಾಚಿದರು, ಉಣ್ಣಿಸಿದರು, ಹೊಲಿಗೆ ಮಿಷನ್ ತುಳಿದು ಓದಿಸಿದರು. ಮೂರು ವರ್ಷದ ಹಿಂದೆ ಅಣ್ಣನೂ ಹೋದ ಮೇಲೆ ಈ ಮೂರನೇ ಮಹಡಿಯಲ್ಲಿ ಒಬ್ಬರೇ. ಅಷ್ಟರಲ್ಲಿ ಹಲ್ಲೂ ಕೈಕೊಟ್ಟವು. ಕಟ್ಟಿಸಿದ ಹಲ್ಲು ಒಸಡಿಗೆ ಒಗ್ಗಲಿಲ್ಲ, ತಿನ್ನುವುದನ್ನೆಲ್ಲ ಅರೆದೇ ತಿನ್ನಬೇಕು.

"ಒಬ್ಬರಿಗೆ ಇಷ್ಟೊಂದು ಯಾಕೆ ಅರೆದಿಡ್ತೀರಿ ಅತ್ತಿಗೆ? ಹಳೇದೆಲ್ಲ ತಿಂತೀರಾ?"

"ಎರಡು ಬಟ್ಟಲಿಗಿಂತ ಕಮ್ಮಿ ಹಾಕಬಾರದು ಅಂತ ಅರೆಯೋ ಮಿಷನ್ ಪುಸ್ತಕದಲ್ಲಿದೆಯಲ್ಲ. ಒಂದು ಸಲ ಅರೆದ್ರೆ ನಾಲ್ಕು ದಿನದ ಚಿಂತೆ ಇಲ್ಲ."

"ಅಯ್ಯೋ, ಪುಸ್ತಕದಲ್ಲಿ ಇರೋದನ್ನೆಲ್ಲ ಯಾರು ಪಾಲಿಸ್ತಾರೆ?"

"ಬರೆದಿದ್ದು ನೀನಲ್ವಾ?" ಅಂದರು ಅತ್ತಿಗೆ.

ಹೌದು, ಬರೆದಿದ್ದು ಅವನೇ. ಆರು ವರ್ಷದ ಹಿಂದಿನ ಮಾತು. ಕಾರ್ಖಾನೆಯ ಪರೀಕ್ಷೆ ಅಡುಗೆಮನೆಯಲ್ಲಿ ದಿನವಿಡೀ ಅರೆದು, ಕೊಚ್ಚಿ ನೋಡುವ ಒಬ್ಬಾಕೆ ಇದ್ದರು. ಎಲ್ಲರೂ ಅವರನ್ನು ರುಚಿ ಮೇಡಂ ಅನ್ನುತ್ತಿದ್ದರು. ಅವರು ಹೊಸ ಫುಡ್ ಪ್ರೊಸೆಸರಿನ ಬೋಗುಣಿ ಎತ್ತಿಕೊಂಡು ಅವನ ಮೇಜಿಗೇ ಬಂದಿದ್ದರು. "ಸರ್, ಎರಡು ಕಿಲೋ ಹಾಕಿದ್ರೆ ಬೆಣ್ಣೆ ಥರ ಅರೆಯುತ್ತೆ. ಒಂದು ಹಿಡಿ ಹಾಕಿದ್ರೆ ಎಲ್ಲ ಬೋಗುಣಿ ಗೋಡೆಗೆ ಹಾರಿ ಕೂತ್ಕೊಳ್ಳುತ್ತೆ. ಬ್ಲೇಡು ಬರೀ ಗಾಳಿ ಅರೀತಾ ಇರುತ್ತೆ."

"ಒಂದು ಹಿಡಿ ಯಾರು ಅರೀತಾರೆ ಮೇಡಂ? ಗುಬ್ಬಚ್ಚಿಗೆ ಅಡುಗೆ ಮಾಡ್ತೀರಾ?" ಅಂದಿದ್ದ. ಸುತ್ತ ಇದ್ದವರೆಲ್ಲ ನಕ್ಕಿದ್ದರು, ಇವನೂ ಜೋರಾಗಿ ನಕ್ಕಿದ್ದ. ಹನ್ನೊಂದು ಜನರ ಮನೆಯಲ್ಲಿ ಬೆಳೆದವನಿಗೆ ಅಡುಗೆ ಅಂದರೆ ದೊಡ್ಡ ಪಾತ್ರೆಯೇ ಕಣ್ಣಿಗೆ ಬರುವುದು. ಬ್ಲೇಡನ್ನು ತಳಕ್ಕೆ ಇಳಿಸಿದರೆ ತುಂಬ ಹಾಕಿದಾಗ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅದನ್ನು ಸರಿಮಾಡಲು ಕೂತರೆ ಇನ್ನೂ ಅರ್ಧ ವರ್ಷ ಬೇಕಿತ್ತು. ಅವನು ಪುಸ್ತಕಕ್ಕೆ ಒಂದು ಸಾಲು ಸೇರಿಸಿದ: 'ಕನಿಷ್ಠ ಎರಡು ಬಟ್ಟಲು ಹಾಕಿ.' ಅಲ್ಲಿಗೆ ಕೈ ತೊಳೆದುಕೊಂಡ. ತಯಾರಾದ ಮೊದಲ ಯಂತ್ರವನ್ನೇ ತಂದು ಅತ್ತಿಗೆಗೆ ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ ಹೋದ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ಇಲ್ಲಿ ಹಲ್ಲಿಲ್ಲದವರಿಗೆ ಯಂತ್ರವೂ ಇತ್ತು, ಅದನ್ನು ಮಾಡಿದ ಮೈದುನನೂ ಇದ್ದ. ಆದರೂ ಅವರು ನಾಲ್ಕು ದಿನದ ಕುಂಬಳಕಾಯಿ ತಿನ್ನುತ್ತಿದ್ದರು. ಅವನಿಗೆ ಬಹಳ ನಾಚಿಕೆಯಾಯಿತು. ನೀರು ಕುಡಿಯುವುದನ್ನೂ ಮರೆತು ಹೊರಟ.

ಮರುದಿನ ನೇರ ಪರೀಕ್ಷೆ ಅಡುಗೆಮನೆಗೆ ಹೋಗಿ, "ಮೇಡಂ, ಒಂದು ಹಿಡಿ ಅರೆಯೋದಕ್ಕೆ ಏನು ಮಾಡೋಣ?" ಅಂದ.

ರುಚಿ ಮೇಡಂ ಕನ್ನಡಕ ಮೇಲೆತ್ತಿ ನೋಡಿದರು. "ಗುಬ್ಬಚ್ಚಿ ಬಂತಾ ಸರ್?"

"ತಪ್ಪಾಯ್ತು ಮೇಡಂ. ಆವತ್ತೇ ನಿಮ್ಮ ಮಾತು ಕೇಳಬೇಕಿತ್ತು."

ಅವರು ಒಂದು ಕಾಗದ ಎಳೆದುಕೊಂಡು ಗೆರೆ ಹಾಕಿ ಉಪಾಯ ತೋರಿಸಿದರು. ದೊಡ್ಡ ಬೋಗುಣಿಯೊಳಗೆ ಕೂರುವ ಒಂದು ಸಣ್ಣ ಬೋಗುಣಿ. ಅದರ ತಳ ಬಾಗಿರಬೇಕು, ಹಾರಿದ್ದು ತಾನಾಗಿ ಜಾರಿ ಬ್ಲೇಡಿನ ಕೆಳಗೇ ಬರಬೇಕು. ವಿಸ್ತರಿಸಿ ಹೇಳಿದರೂ ಇಷ್ಟೇ. ಆದರೆ ಇಷ್ಟಕ್ಕೆ ಐದು ತಿಂಗಳು ಹಿಡಿಯಿತು. ಹನ್ನೆರಡು ಮಾದರಿ ಕೆಟ್ಟವು, ಹದಿಮೂರನೆಯದು ಕೈಹಿಡಿಯಿತು. ಭಾನುವಾರವೂ ಕಾರ್ಖಾನೆಯಲ್ಲೇ ಇರುತ್ತಿದ್ದ. ಅತ್ತಿಗೆ ಫೋನ್ ಮಾಡಿದಾಗಲೆಲ್ಲ, "ಮುಂದಿನ ವಾರ ಬರ್ತೀನಿ ಅತ್ತಿಗೆ, ನಿಮಗೋಸ್ಕರಾನೇ ಒಂದು ಕೆಲಸ ಹಚ್ಕೊಂಡಿದೀನಿ," ಅನ್ನುತ್ತಿದ್ದ. "ಆಗಲಿ ಮರಿ, ನಿಧಾನವಾಗಿ ಬಾ," ಅನ್ನುತ್ತಿದ್ದರು ಅವರು.

ಒಂದು ಮಧ್ಯಾಹ್ನ ಆ ಬೋಗುಣಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮೂರು ಮಹಡಿ ಹತ್ತಿದ. ಅತ್ತಿಗೆ ಬಾಗಿಲು ತೆಗೆದು, ಹೊಸ ಕಣ್ಣಿನಲ್ಲಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸೊರಗಿದೀಯ," ಅಂದರು.

ಅವನಿಗೆ ಕೂರುವಷ್ಟೂ ತಾಳ್ಮೆ ಇರಲಿಲ್ಲ. ಒಲೆಯ ಮೇಲೆ ಬೇಯುತ್ತಿದ್ದ ಕುಂಬಳಕಾಯಿಯಲ್ಲಿ ಒಂದು ಹಿಡಿಯಷ್ಟನ್ನು ತೆಗೆದು ಹೊಸ ಬೋಗುಣಿಗೆ ಹಾಕಿ, ಯಂತ್ರದಲ್ಲಿ ಕೂರಿಸಿ ಗುಂಡಿ ಒತ್ತಿದ. ಅರ್ಧ ನಿಮಿಷ ಸಾಕಾಯಿತು. ಮುಚ್ಚಳ ತೆಗೆದರೆ ಗೋಡೆಗೆ ಒಂದು ಚೂರೂ ಅಂಟಿರಲಿಲ್ಲ. ಅತ್ತಿಗೆ ಬೆರಳಲ್ಲಿ ತೆಗೆದು ನಾಲಗೆಗೆ ಇಟ್ಟುಕೊಂಡರು.

"ನುಣ್ಣಗಿದೆ ಮರಿ. ಒಬ್ಬರಿಗೆ ಸರಿಯಾಗಿದೆ."

"ಇನ್ಮೇಲೆ ಹಳೇದು ತಿನ್ನೋ ಹಾಗಿಲ್ಲ. ಮಿಗೋದೇ ಇಲ್ಲ."

"ಹೂಂ, ಮಿಗಲ್ಲ." ಅತ್ತಿಗೆ ಬೋಗುಣಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಎರಡು ಬಟ್ಟಲು ಅರೆದಾಗ ನನಗೂ ಒಂದು ನೆಪ ಇರ್ತಿತ್ತು ಅಷ್ಟೇ. ನೀನು ಬಂದ್ರೆ ನಿನಗೂ ಆಗುತ್ತೆ ಅಂತ."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ತಿರುಗಿ ಏನಾದರೂ ಹೇಳಬಹುದಿತ್ತು. ಐದು ತಿಂಗಳು ಅವನಿಗೆ ಒಂದೊಂದಾಗಿ ನೆನಪಾಯಿತು. ಕಾರ್ಖಾನೆಯಿಂದ ಈ ಮನೆಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ.

"ನಿಂತೇ ಇದೀಯಲ್ಲ, ಕೂತ್ಕೊ," ಅಂದರು ಅತ್ತಿಗೆ. ತಟ್ಟೆ ಇಟ್ಟು, ಸಣ್ಣ ಬೋಗುಣಿಯಲ್ಲಿದ್ದದ್ದನ್ನೆಲ್ಲ ಚಮಚದಲ್ಲಿ ಕೆರೆದು ಅವನಿಗೇ ಬಡಿಸಿದರು. ಒಂದು ಚೂರೂ ಉಳಿಸಲಿಲ್ಲ. "ಬಿಸಿ ಇರುವಾಗ್ಲೇ ತಿನ್ನು."

ಆಮೇಲೆ ಫ್ರಿಜ್ಜಿನ ಬಾಗಿಲು ತೆಗೆದು, ಬಗ್ಗಿ, ಒಳಗಿನಿಂದ ಒಂದು ಡಬ್ಬಿ ತೆಗೆದರು. ಮುಚ್ಚಳದ ಮೇಲಿದ್ದ 'ಗುರುವಾರ'ವನ್ನು ಅಂಗೈಯಲ್ಲಿ ಒರೆಸಿ, ಅವನ ಎದುರಿಗೆ ಊಟಕ್ಕೆ ಕೂತರು.