ಒಳಗಿನ ಚಿಲಕ

"ಬಗ್ಗಿಸ್ರಿ, ಇನ್ನಷ್ಟು ಬಗ್ಗಿಸ್ರಿ! ತಲಿ ಚೌಕಟ್ಟಿಗೆ ಬಡೀತೈತಿ!" ಹಜರತಅಲಿ ಲಾರಿಯ ಮೇಲಿನಿಂದ ಕೂಗಿದ.

ಕೆಳಗಿದ್ದ ನಾಲ್ವರು ಕುರ್ಚಿಯನ್ನು ವಾರೆ ಮಾಡುವ ಮೊದಲೇ, ಕುರ್ಚಿಗೆ ಬಿಗಿದಿದ್ದ ಕರಬಸಪ್ಪನ ಶವದ ತಲೆ ಹೇಳಿದ್ದು ಕೇಳಿಸಿತೆಂಬಂತೆ ಮೆಲ್ಲಗೆ ಮುಂದಕ್ಕೆ ಬಾಗಿತು. ಅವನ ಹೆಂಡತಿ ಹೊನ್ನವ್ವ ಅದನ್ನು ನೋಡಿದಳು. ಬೇರೆ ಯಾರೂ ನೋಡಿದಂತೆ ಕಾಣಲಿಲ್ಲ.

ಮೈತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ, ಎಡ ಅಂಗೈಯಲ್ಲಿ ಲಿಂಗ. ಅವನೇ ಕಟ್ಟಿದ ಮರದ ಕೋಣೆಯೊಳಗೆ ಅವನನ್ನು ಕೂರಿಸಿದರು. ಯುದ್ಧ ಮುಗಿದ ಮೇಲೆ ಅವನ ಗೆಳೆಯ ಹಜರತಅಲಿ ಹರಾಜಿನಲ್ಲಿ ಹಿಡಿದ ಮಿಲಿಟರಿಯ ಸಣ್ಣ ಲಾರಿ ಅದು. ಅದರ ಬೆನ್ನ ಮೇಲೆ ಕರಬಸಪ್ಪ ಮಡಚುವ ಕೋಣೆಯೊಂದನ್ನು ಜೋಡಿಸಿದ್ದ. ಬೇಡವಾದಾಗ ಹಲಗೆಯ ಗೋಡೆಗಳೂ ಮಾಡೂ ಒಂದರ ಮೇಲೊಂದು ಮಲಗುತ್ತಿದ್ದವು. ಬೇಕಾದಾಗ ಎದ್ದು ನಿಲ್ಲುತ್ತಿದ್ದವು. ಇನ್ನೂ ಒಂದು ಸಂತೆಯನ್ನೂ ಅದು ಕಂಡಿರಲಿಲ್ಲ. ಇದೇ ಮೊದಲ ಪಯಣ.

"ಇಲ್ಲೇ ಶಿಗ್ಗಾಂವದಾಗ ಮಣ್ಣ ಮಾಡೂದು ಬಿಟ್ಟು ಇದೇನ ಹುಚ್ಚಾಟನೋ," ಎಂದ ಕರಬಸಪ್ಪನ ಅಣ್ಣ ಗುಡ್ಡಪ್ಪ.

"ಮಗಳ ಮಗ್ಗಲಾಗ ಅಂತ ಮಾತ ಕೊಟ್ಟೇನಿ ಭಾವಾರ. ಅಬಲೂರ ಹೊಲದಾಗ," ಎಂದಳು ಹೊನ್ನವ್ವ.

"ಹೊತ್ತ ಮುಳುಗೂದ್ರಾಗ ಮುಟ್ಟಿದ್ರ ಆತು. ಇಲ್ಲಂದ್ರ ಎಲ್ಲಿ ಕತ್ತಲಾಕ್ಕೈತಿ ಅಲ್ಲೇ ಇಳಸೂದು. ಆಮ್ಯಾಲ ಬಾಯಿ ಮಾಡಬ್ಯಾಡ."

"ಆತ್ರಿ," ಎಂದಳು ಹೊನ್ನವ್ವ.

ಉಳಿದದ್ದು ಹಿಂದಿನ ಗೋಡೆ ಮುಚ್ಚುವುದೊಂದೇ. ಎತ್ತಿ ನಿಲ್ಲಿಸಿ ಚಿಲಕ ಹಾಕಬೇಕು. ಆದರೆ ಚಿಲಕ ಇದ್ದದ್ದು ಒಳಗೆ.

"ಹೊರಗೂ ಒಂದ ಚಿಲಕ ಬಡಿಯೋ ಮಾರಾಯಾ ಅಂತ ಬಡಕೊಂಡೆ, ಕೇಳಲಿಲ್ಲ," ಎಂದು ಹಜರತಅಲಿ ಗೊಣಗಿದ. "ಎಲ್ಲಾರೂ ಒತ್ತಿ ಹಿಡೀರಿ. ಹಗ್ಗಾ ತರ್ತೇನಿ."

ನಾಲ್ವರೂ ಗೋಡೆಗೆ ಹೆಗಲು ಕೊಟ್ಟು ನಿಂತರು. ಒಳಗೆ ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು: ಖಟ್.

ಒಬ್ಬೊಬ್ಬರಾಗಿ ಕೈ ಬಿಟ್ಟರು. ಗೋಡೆ ಅಲುಗಲಿಲ್ಲ.

ಹಗ್ಗ ಹಿಡಿದು ಬಂದ ಹಜರತಅಲಿ ಗೋಡೆಯನ್ನು ದೂಡಿ ನೋಡಿದ. "ತಾನ ಬಿದ್ದಿರಬೇಕು. ಗಾಡಿ ವಾರೀ ನಿಂತೈತಿ."

"ಅಡ್ಡ ಸರಸೂ ಚಿಲಕ ಅದು," ಎಂದಳು ಪಕ್ಕದ ಮನೆಯ ಶೇಖವ್ವ, ಸೆರಗನ್ನು ಬಾಯಿಗೆ ಒತ್ತಿಕೊಂಡು. "ತಾನ ಹ್ಯಾಂಗ ಬೀಳತೈತೋ ಯಪ್ಪಾ?"

ಹಜರತಅಲಿ ಗೋಡೆಗೆ ಹಗ್ಗವನ್ನೂ ಬಿಗಿದು, ಮುಂದೆ ಹೋಗಿ ಗಾಡಿ ಸುರು ಮಾಡಿದ.

*

ಗಂಡ ಹೆಂಡತಿ ಸಂತೆಯಿಂದ ಸಂತೆಗೆ ಕುಪ್ಪಸದ ಖಣ ಮಾರುತ್ತ ತಿರುಗಿದವರು. ಹಾನಗಲ್ಲ, ಸವಣೂರು, ಹಿರೇಕೆರೂರು. ರಾತ್ರಿ ಎಲ್ಲಾದರೂ ಚಕ್ಕಡಿಯಲ್ಲೇ, ತಾಡಪತ್ರಿಯ ಕೆಳಗೆ. ಹಾನಗಲ್ಲ ಸಂತೆಯ ಬಯಲಿನಲ್ಲಿ ಒಮ್ಮೆ ಕಳ್ಳನೊಬ್ಬ ತಾಡಪತ್ರಿ ಕೊಯ್ದು ಬಟ್ಟೆಗಂಟು ಒಯ್ದ. ಹಿಂದೆಯೇ ಹೊಡೆದ ಮಳೆ ಆ ಸೀಳಿನಿಂದ ಒಳಗಿಳಿಯಿತು. ನಡುವೆ ಮಲಗಿದ್ದ ಮಗಳು ಅನ್ನವ್ವ ನೆನೆದು ತಣ್ಣಗಾಗಿದ್ದು ಇಬ್ಬರಿಗೂ ತಿಳಿದದ್ದು ಬೆಳಗಿನ ಜಾವಕ್ಕೆ. ಜ್ವರ ಕೂಸನ್ನು ಉಳಿಸಲಿಲ್ಲ.

ಅಂದಿನಿಂದ ಕರಬಸಪ್ಪ ಜೋಳದ ದಂಟಿನಲ್ಲಿ ಮನೆ ಕಟ್ಟತೊಡಗಿದ. ಹುಡುಗರು ದಂಟಿನ ಚಕ್ಕಡಿ ಮಾಡುತ್ತಾರಲ್ಲ, ಹಾಗೆ: ಗೋಡೆ, ಮಾಡು, ತಿರುಗಣಿಯ ಜಾಗದಲ್ಲಿ ಜಾಲಿಮುಳ್ಳು. ಮಡಚುವುದು, ಬಿಚ್ಚುವುದು, ಮುರಿದರೆ ಮತ್ತೊಂದು. ಹೊನ್ನವ್ವ ಕಸ ಗುಡಿಸುವಾಗಲೆಲ್ಲ ಆ ಸಣ್ಣ ಮನೆಗಳು ಮೊರದ ತುಂಬ ಬರುತ್ತಿದ್ದವು. ಅವನ್ನು ಒಲೆಗೆ ಹಾಕಲು ಮಾತ್ರ ಅವಳಿಗೆ ಕೈ ಬರುತ್ತಿರಲಿಲ್ಲ.

ಹಲಗೆಯ ಕೋಣೆ ಎದ್ದು ನಿಂತ ಮೇಲೆ ಅವನು ಹೊತ್ತುಗೊತ್ತಿಲ್ಲದೆ ಅದರೊಳಗೆ ಸೇರಿಕೊಂಡು ಚಿಲಕ ಹಾಕಿಕೊಳ್ಳುತ್ತಿದ್ದ. ಅವಳು ಬುತ್ತಿ ಹಿಡಿದು ಹೋಗಿ ಗೋಡೆ ಬಡಿಯುವಳು.

"ಏನ್ರೀ, ರೊಟ್ಟಿ ಆರತಾವ. ತಗೀರಿ."

"ಯಾರವರು?"

"ನಾನ್ರಿ."

"ಕಳ್ಳನೂ ನಾನ ಅಂತಾನ. ನನ್ನ ಹೆಸರ ಹೇಳು, ತಗೀತೇನಿ."

ಮದುವೆಯ ದಿನ ಹೆಂಗಸರು ಕಾಡಿದಾಗ ಒಡಪಿನಲ್ಲಿ ಒಮ್ಮೆ ಹೇಳಿದ್ದಷ್ಟೆ. ಆಮೇಲೆ ಗಂಡನ ಹೆಸರನ್ನು ಅವಳು ನಾಲಿಗೆಗೆ ತಂದವಳಲ್ಲ.

"ಹೆಸರ ಹಿಡದ್ರ ನಿಮ್ಮ ಆಯುಷ್ಯ ಕಡಿಮಿ ಆಕ್ಕೈತ್ರಿ. ತಗೀತೀರೋ, ನಾಯಿಗೆ ಹಾಕ್ಲೋ?"

ಒಳಗಿನಿಂದ ನಗೆ. ಖಟ್ ಎಂದು ಚಿಲಕ ಸರಿಯುವುದು. ಒಮ್ಮೆ ಮಾತ್ರ ಅವನು ನಗದೆ ಹೇಳಿದ್ದ: "ಹೊರಗ ಚಿಲಕ ಇಡೂದಿಲ್ಲ, ಹೊನ್ನೀ. ಈ ಸಲ ಹೊರಗಿಂದ ಯಾರೂ ಕೈ ಹಾಕಬಾರದು."

*

ಹಾನಗಲ್ಲಿಗೆ ಬರುವಷ್ಟರಲ್ಲಿ ಎಂಜಿನ್ ಕಾದು ಹೊಗೆಯಾಡಿತು. ಹಜರತಅಲಿ ಗಾಡಿ ನಿಲ್ಲಿಸಿದ್ದು ಸಂತೆಯ ಬಯಲಿನ ಅಂಚಿಗೆ. ಅಂದು ಸಂತೆ ಇರಲಿಲ್ಲ. ಖಾಲಿ ಕಟ್ಟೆಗಳ ಮೇಲೆ ಬಿಸಿಲು ಕುಳಿತಿತ್ತು.

ಗುಡ್ಡಪ್ಪ ನೀರು ತರಲು ಹೋದ. ಹೊನ್ನವ್ವ ಕೆಳಗಿಳಿದು ಹಿಂಗೋಡೆಗೆ ಕೈ ಇಟ್ಟಳು. ಅಷ್ಟು ಬಿಸಿಲಿನಲ್ಲೂ ಹಲಗೆ ತಣ್ಣಗೆ, ಒದ್ದೆ ತಾಡಪತ್ರಿಯಂತೆ ಇತ್ತು. ಒಳಗಿನಿಂದ ಟಕ್ ಟಕ್ ಎಂಬ ಸದ್ದು. ಸಣ್ಣ ಸುತ್ತಿಗೆಯಿಂದ ಮೊಳೆ ಕೂರಿಸುವಾಗ ಬರುವಂಥದ್ದು.

"ಬಿಸಲಿಗೆ ಹಲಿಗಿ ಬಿರಿತಾವ ಅಕ್ಕಾ," ಎಂದ ಹಜರತಅಲಿ, ಅವಳು ಏನೂ ಕೇಳದಿದ್ದರೂ. ಗುಡ್ಡಪ್ಪ ತಂದ ನೀರನ್ನು ಅರ್ಧಕ್ಕೇ ಸಾಕು ಮಾಡಿ ಗಾಡಿ ಹತ್ತಿದ.

*

ಅಬಲೂರಿನ ಹೊಲದಲ್ಲಿ ಊರ ಮಂದಿ ಕುಣಿ ತೋಡಿ, ಕೂರಿಸುವ ಗೂಡನ್ನೂ ಕೊರೆದು ಕಾಯುತ್ತಿದ್ದರು. ಮಗ್ಗುಲಲ್ಲಿ ಅನ್ನವ್ವನ ಸಣ್ಣ ದಿಬ್ಬ. ಸೂರ್ಯ ದಿನ್ನೆಯ ಮೇಲೆ ಒಂದು ಮೊಳ ಉಳಿದಿದ್ದ.

ಹಗ್ಗ ಬಿಚ್ಚಿದರು. ಗೋಡೆ ಇಳಿಯಲಿಲ್ಲ. ಹಾರೆ ತೂರಿಸಲು ನೋಡಿದರು. ಕರಬಸಪ್ಪ ಉಗುರು ಹೋಗುವಷ್ಟೂ ಸಂದು ಬಿಟ್ಟಿರಲಿಲ್ಲ.

"ಹೊತ್ತ ಹೊಂಟೈತಿ," ಎಂದರು ಜಂಗಮ ಅಯ್ಯನವರು.

"ಕೊಡ್ಲಿ ತರ್ರೋ!" ಎಂದ ಗುಡ್ಡಪ್ಪ. "ಸತ್ತ ಮ್ಯಾಲೂ ಹಟಾ ಬಿಡವಲ್ಲ!"

ಕೊಡಲಿ ಬಂತು. ಹೊನ್ನವ್ವ ಅವನಿಗೂ ಗೋಡೆಗೂ ನಡುವೆ ನಿಂತಳು.

"ಬ್ಯಾಡ್ರಿ ಭಾವಾರ. ಒಡದ ತಗದ್ರ ಆ ಕಳ್ಳಗೂ ನಮಗೂ ಏನ ಫರಕ ಉಳೀತು?"

"ಮತ್ತ ಹ್ಯಾಂಗ ತಗೀತಿ? ಬಾಯಿಲೇ?"

ಅವಳು ತಿರುಗಿ ಗೋಡೆಯನ್ನು ಬುತ್ತಿ ತಂದವಳಂತೆಯೇ ಬಡಿದಳು. "ಏನ್ರೀ. ನಾನ್ರಿ. ಅನ್ನವ್ವನ ಕಡೆ ಬಂದೇವಿ. ತಗೀರಿ."

ಏನೂ ಇಲ್ಲ. ಯಾರೋ ಹಿಂದೆ ಕೆಮ್ಮಿದರು. ಸೂರ್ಯನ ಅಂಚು ದಿನ್ನೆಗೆ ತಾಗಿತು. ಹೊನ್ನವ್ವ ಹಣೆಯನ್ನು ಹಲಗೆಗೆ ಒತ್ತಿದಳು. ಇನ್ನು ಕಡಿಮೆಯಾಗಲು ಅವನ ಆಯುಷ್ಯ ಉಳಿದಿರಲಿಲ್ಲ. ಆದರೂ ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಕರಬಸಪ್ಪಾ," ಎಂದಳು.

ಹೊಲದಲ್ಲಿ ಗಾಳಿ ನಿಂತಿತು.

ಖಟ್.

ಗುಡ್ಡಪ್ಪನ ಕೈಯಿಂದ ಕೊಡಲಿ ಜಾರಿ ಮಣ್ಣಿಗೆ ಬಿತ್ತು. ಗೋಡೆ ತನ್ನ ಸರಪಳಿಗಳ ಮೇಲೆ ಮೆಲ್ಲಗೆ ಇಳಿದು ಅವಳ ಮುಂದೆ ಹಾಸಿಕೊಂಡಿತು. ಒಳಗೆ ಅವನು ಬೆಳಿಗ್ಗೆ ಬಾಗಿಸಿದ ತಲೆಯನ್ನು ಎತ್ತದೆ ಕುಳಿತಿದ್ದ. ಹಾರ ಹರಿದಿರಲಿಲ್ಲ, ಎಡಗೈಯ ಲಿಂಗ ಕದಲಿರಲಿಲ್ಲ. ಮಂದಿ ಅವನನ್ನೇ ನೋಡುತ್ತ ನಿಂತರು. ಹೊನ್ನವ್ವ ನೋಡಿದ್ದು ಗೋಡೆಯ ಒಳಮೈಯನ್ನು. ಅಲ್ಲಿ ಕಪ್ಪು ಚಿಲಕದ ಮೇಲೆ ವಿಭೂತಿ ಮೆತ್ತಿದ ಮೂರು ಬೆರಳಿನ ಗುರುತು ಮೂಡಿತ್ತು. ಇನ್ನೂ ಹಸಿ ಆರಿರಲಿಲ್ಲ.