ಸದಸ್ಯೆ ಮೆಲ್ಲಕ್ಕ, ಸಭೆಗೆ ಹೋಗುವವನು ಗಂಡ

ಕಾಡಂಚಿನ ಆ ಆದಿವಾಸಿ ಹಾಡಿಗೆ ಕೊನೆಗೂ ಕಾಲುಸೇತುವೆ ಮಂಜೂರಾಯಿತು. ಆದರೆ ಕಲ್ಲು, ಮರಳು ಬಂದು ಬಿದ್ದ ಜಾಗ ನೋಡಿ ಹೆಂಗಸರು ಹಣೆ ಚಚ್ಚಿಕೊಂಡರು. ಸೌದೆ, ಬಿದಿರು ಹೊತ್ತು ಅವರು ದಿನವೂ ಹೊಳೆ ದಾಟುವುದು ದೊಡ್ಡ ಬಂಡೆಯ ಹತ್ತಿರ. ಮಕ್ಕಳು ಶಾಲೆಗೆ ಹೋಗುವುದೂ ಅಲ್ಲೇ. ಸೇತುವೆ ಮಾತ್ರ ಎಲ್ಲೋ ಕೆಳಗೆ, ಮರದ ವ್ಯಾಪಾರಿಯ ಗೋದಾಮಿನ ಎದುರು!

ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಆರೋಗ್ಯ ಕೇಂದ್ರದ ನರ್ಸಕ್ಕನಿಗೆ. ಹಿಂದಿನ ಮಳೆಗಾಲದಲ್ಲಿ ಹೆರಿಗೆ ನೋವು ಎದ್ದ ಹುಡುಗಿಯೊಬ್ಬಳನ್ನು ಆ ಬಂಡೆಯ ಹತ್ತಿರ ಎದೆಮಟ್ಟದ ನೀರಿನಲ್ಲಿ ದಾಟಿಸಿದವಳು ಅವಳೇ. ತಾಯಿ ಬದುಕಿದಳು. ಮಗು ಉಳಿಯಲಿಲ್ಲ.

ನರ್ಸಕ್ಕ ನೇರ ಮೆಲ್ಲಕ್ಕನ ಮನೆಗೆ ನುಗ್ಗಿದಳು. ಬುಟ್ಟಿ ಹೆಣೆಯುವ ಮೆಲ್ಲಕ್ಕ ಊರ ಸಮಿತಿಯ ಸದಸ್ಯೆ. ಮಾತು ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ, ಅದಕ್ಕೇ ಆ ಹೆಸರು.

“ಅಲ್ವೇ, ಸಭೇಲಿ ಕೂತ್ಕೊಂಡು ಇದಕ್ಕೆ ಹೇಗೆ ಒಪ್ಕೊಂಡೆ?”

“ನಾನೆಲ್ಲಿ ಹೋಗಿದ್ದೆ? ಇವರೇ ಹೋಗಿದ್ರು.”

ಮೂಲೆಯಲ್ಲಿ ಕತ್ತಿ ಮಸೆಯುತ್ತಿದ್ದ ಗಂಡ ತಲೆ ಎತ್ತಲಿಲ್ಲ. “ಎಲ್ಲರೂ ತಲೆ ಆಡಿಸಿದ್ರು. ನಾನೂ ಆಡಿಸ್ದೆ.”

“ಏನಣ್ಣಾ, ನೀನು ಯಾವತ್ತಾದ್ರೂ ಹೊರೆ ಹೊತ್ಕೊಂಡು ಹೊಳೆ ದಾಟಿದ್ದೀಯಾ?”

“ಇಲ್ಲ.”

“ಮತ್ತೆ ಯಾವ ಧೈರ್ಯದ ಮೇಲೆ ಆಡಿಸ್ದೆ ಮಾರಾಯ, ಆ ತಲೇನ?”

ಅತ್ತೆ ನಡುವೆ ಬಾಯಿ ಹಾಕಿದಳು. “ಹೆಂಗಸ್ರು ಹೋಗಿ ಏನು ಮಾತಾಡೋದು? ನಮ್ಮ ಭಾಷೆ ಕೇಳಿದ್ರೇ ಅವರೆಲ್ಲ ಕಿಸಕ್ ಅಂತಾರೆ.”

“ಅಜ್ಜೀ, ಕಾಡಿಗೆ ಬೆಂಕಿ ಬಿದ್ದಾಗ ಇಡೀ ಹಾಡೀನ ಕೂಗಿ ಕೂಗಿ ಸಾಲಾಗಿ ನಿಲ್ಲಿಸ್ದೋರು ಯಾರು? ನೀವೇ ಅಲ್ವಾ? ನಾಯಕತ್ವ ಅಂದ್ರೆ ಅದೇ. ಅದಕ್ಕೇನು ಕೊಂಬು ಇರುತ್ತಾ?”

“ಅದು ಬೆಂಕಿ. ಇದು ಕುರ್ಚಿ.”

“ಕುರ್ಚೀಲಿ ಕೂತು ಮಾತಾಡೋಕೆ ತರಬೇತಿ ಕೊಡ್ತಾರೆ, ಆದಿವಾಸಿ ಹೆಂಗಸರಿಗೇ ಅಂತ. ಎಷ್ಟು ಸಲ ಬಾಯಿ ಬಡ್ಕೊಂಡೆ! ಒಬ್ಬರಾದ್ರೂ ಕೇಳಿದ್ರಾ?”

ಮೆಲ್ಲಕ್ಕ ಕೈಯಲ್ಲಿದ್ದ ಬಿದಿರ ಸೀಳು ಕೆಳಗಿಟ್ಟಳು. “ನಾನು ಬರ್ತೀನಿ,” ಎಂದಳು.

ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ತರಬೇತಿ. ಕಲಿಸಿದವಳು ಇನ್ನೊಂದು ಹಾಡಿಯ ಹೆಂಗಸು, ತಾನೇ ಸಮಿತಿ ನಡೆಸಿದವಳು. ಎದ್ದು ನಿಂತು ಮಾತಾಡಬೇಕು. ಯಾರಾದರೂ ಅಡ್ಡ ಬಂದರೆ ಅದೇ ಮಾತನ್ನು ಮತ್ತೆ ಹೇಳಬೇಕು. ತೀರ್ಮಾನವನ್ನು ಓದಿಸಿ ಕೇಳದೆ ಸಹಿ ಹಾಕಬಾರದು, ಹೆಬ್ಬೆಟ್ಟನ್ನೂ ಒತ್ತಬಾರದು. ಮೊದಲ ದಿನ ಮೆಲ್ಲಕ್ಕ ಎದ್ದು ನಿಂತವಳು ತನ್ನ ಹೆಸರಷ್ಟೇ ಹೇಳಿ ಕೂತುಬಿಟ್ಟಳು. ಅತ್ತ ಮನೆಯಲ್ಲಿ ಗಂಡ ಅನ್ನ ಸೀಯಿಸಿದ್ದ. “ಒಂದು ದಿನಕ್ಕೇ ಹೀಗೆ!” ಎಂದು ಅತ್ತೆ ಗೊಣಗಿದಳು. ಮೆಲ್ಲಕ್ಕ ಮಾರನೆಯ ದಿನವೂ ಹೋದಳು.

ಸಭೆಯ ದಿನ ಅಧ್ಯಕ್ಷರು ಕೇಳಿದರು, “ಯಜಮಾನ್ರು ಬರ್ಲಿಲ್ವೇನಮ್ಮ?”

“ಸದಸ್ಯೆ ನಾನು.”

ಅವಳು ತನ್ನ ಭಾಷೆಯಲ್ಲೇ ಶುರು ಮಾಡಿದಳು. ಹಿಂದೆ ಯಾರೋ ನಕ್ಕರು. ಮೆಲ್ಲಕ್ಕನ ಮಾತು ಅರ್ಧಕ್ಕೇ ನಿಂತಿತು. ಸೊಸೆಯ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗು ಬಿಗಿದು ಒಳಗೆ ಬಂದಳು. “ನಗೋದೇನಿದೆ? ನನ್ನ ಸೊಸೆ ಮಾತು ಮುಗಿಸ್ಲಿ!”

ಮೆಲ್ಲಕ್ಕ ಮೊದಲಿಂದ ಹೇಳಿದಳು, ಈ ಸಲ ಎಲ್ಲರಿಗೂ ತಿಳಿಯುವ ಮಾತಿನಲ್ಲಿ. ಸತ್ತ ಮಗುವಿನ ವಿಷಯವನ್ನೂ ಹೇಳಿದಳು. “ನಾಳೆ ಎಲ್ಲರೂ ಬನ್ನಿ. ಹೊರೆ ಹೊತ್ತು ನಮ್ಮ ಜೊತೆ ಹೊಳೆ ದಾಟಿ. ಆಮೇಲೆ ಜಾಗ ಹೇಳಿ.”

ಬಂದರು. ಅಧ್ಯಕ್ಷರು ಅರ್ಧ ಹೊಳೆಯಲ್ಲೇ ಹೊರೆ ಸಮೇತ ನೀರಲ್ಲಿ ಕೂತುಬಿಟ್ಟರು. ಹಾಗೆಂದು ಕೆಲಸ ಕೂಡಲೇ ಆಗಲಿಲ್ಲ. ಮುಂದಿನ ಸಭೆಗೂ ಅದರ ಮುಂದಿನ ಸಭೆಗೂ ಮೆಲ್ಲಕ್ಕ ಹೋಗಿ ಅದನ್ನೇ ಕೇಳಬೇಕಾಯಿತು. ಈಗ ಸೇತುವೆ ಬಂಡೆಯ ಹತ್ತಿರವೇ ಎದ್ದಿದೆ. ಮೊನ್ನೆ ಸಭೆಯ ಹೊತ್ತಿಗೆ ಅಭ್ಯಾಸಬಲದಿಂದ ಗಂಡ ಅಂಗಿ ಹಾಕಿಕೊಳ್ಳುತ್ತಿದ್ದಾಗ ಅತ್ತೆಯೇ ಗದರಿದಳಂತೆ: “ನೀನೆಲ್ಲಿಗೋ? ಸದಸ್ಯೆ ನೀನಾ?”

ಓದುತ್ತಿರುವ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹೆಸರು ಹೆಂಡತಿಯದು, ಹಾಜರಿ ನಿಮ್ಮದೇ? ಸಾಕು ಮಾಡಿ. ತರಬೇತಿಗೆ ಕರೆ ಬಂದಾಗ ಅವಳನ್ನು ಕಳಿಸಿ, ಒಲೆ ನೀವು ನೋಡಿಕೊಳ್ಳಿ. ಅಕ್ಕಂದಿರೇ, ಮುಂದಿನ ಸಭೆಗೆ ನೀವೇ ಹೋಗಿ. ನಗುವವರು ನಗಲಿ. ಮಾತು ಮುಗಿಸಿಯೇ ಕೂರಿ.