ಎರಡನೇ ಮಾತ್ರೆ

ಔಷಧಿ ಅಂಗಡಿಯವನಿಗೆ ಬೀದಿಯ ಜನ ‘ಅರ್ಧ ಡಾಕ್ಟ್ರು’ ಎಂದು ಹೆಸರಿಟ್ಟು ಹದಿನೆಂಟು ವರ್ಷವಾಗಿತ್ತು. ಮೊದಲು ಅದು ತಮಾಷೆ. ಬರಬರುತ್ತ ಅವನೇ ಅದನ್ನು ನಂಬತೊಡಗಿದ. ಕೌಂಟರಿನ ಆಚೆ ನಿಂತವರ ಕೆಮ್ಮು ಕೇಳಿಯೇ ಒಣಕೆಮ್ಮೋ ಕಫವೋ ಹೇಳಿಬಿಡುತ್ತಿದ್ದ. ಡಾಕ್ಟರ ಚೀಟಿ ಕೈಗೆ ಬಂದರೆ ಓದುವುದಕ್ಕಿಂತ ಮೊದಲೇ ಮನಸ್ಸಿನಲ್ಲಿ ತಿದ್ದುತ್ತಿದ್ದ. ಇದು ಬೇಕಿತ್ತು, ಇದು ದಂಡ, ಇದು ಹೆದರಿಕೊಂಡು ಬರೆದದ್ದು. ಗಿರಾಕಿಗಳಿಗೆ ಮಾತ್ರ ಬರೆದದ್ದನ್ನು ಬರೆದ ಹಾಗೇ ಕೊಡುತ್ತಿದ್ದ. ಆ ಮಟ್ಟಿಗೆ ಪ್ರಾಮಾಣಿಕ.

ಅಂಥವನ ಕೆಳದವಡೆಯ ಕೊನೆಯಲ್ಲಿ ಅಡ್ಡಡ್ಡ ಮಲಗಿದ್ದ ಬುದ್ಧಿಹಲ್ಲು ಕೀವು ಕಟ್ಟಿತು.

“ನಲವತ್ತಾರಕ್ಕಾದ್ರೂ ಬುದ್ಧಿ ಬರ್ತಿದೆಯಲ್ಲ, ಅದೂ ಅಡ್ಡದಾರೀಲಿ,” ಎಂದು ಹೆಂಡತಿ ನಕ್ಕಳು. ಅಂಗಡಿಯಲ್ಲಿ ಅವನ ಜೊತೆಗೇ ಕೂರುವವಳು ಅವಳು.

ಹಲ್ಲಿನ ಆಸ್ಪತ್ರೆ ದೂರವಿರಲಿಲ್ಲ. ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಮೇಲೆಯೇ. ಅಲ್ಲಿ ಇಬ್ಬರು ಡಾಕ್ಟರು. ದೊಡ್ಡವರದು ಆಸ್ಪತ್ರೆ. ಚಿಕ್ಕವಳು ಸೇರಿ ನಾಲ್ಕು ತಿಂಗಳಾಗಿತ್ತು, ಮತ್ತು ಅವಳು ಒಬ್ಬಳೇ ತೆಗೆಯಬೇಕಿದ್ದ ಮೊದಲ ಬುದ್ಧಿಹಲ್ಲು ಇವನದೇ.

“ಕೀವು ಇರುವಾಗ ಕೀಳೋಕಾಗಲ್ಲ ಅಂಕಲ್. ಮರಗಟ್ಟಿಸೋ ಇಂಜೆಕ್ಷನ್ ಸರಿಯಾಗಿ ಹಿಡಿಯಲ್ಲ, ಸೋಂಕೂ ಹರಡ್ಬಹುದು,” ಎಂದಳು. “ಐದು ದಿನ ಎರಡು ಥರದ ಮಾತ್ರೆ ಬರೆದಿದ್ದೀನಿ, ಬಿಸಿ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ. ಆಮೇಲೆ ಆರಾಮಾಗಿ ತೆಗೀತೀನಿ.”

ಕೆಳಗಿಳಿದು ಬಂದವನು ಚೀಟಿ ನೋಡಿದ. ಮೊದಲಿನದು ಕ್ಯಾಪ್ಸೂಲು, ಸರಿ. ಎರಡನೆಯದು ಹಳದಿ ಮಾತ್ರೆ. ಅದನ್ನು ನುಂಗಿದವರೆಲ್ಲ ಬಾಯಲ್ಲಿ ತುಕ್ಕು ಮೊಳೆ ಇಟ್ಟುಕೊಂಡ ಹಾಗಿದೆ ಎಂದು ದೂರು ತರುತ್ತಿದ್ದರು. ‘ಹೊಸ ಹುಡುಗಿ, ಹೆದರಿ ಎರಡು ಬರೆದಿದ್ದಾಳೆ’ ಎಂದುಕೊಂಡು ಹಳದಿ ಮಾತ್ರೆಯ ಹಾಳೆಯನ್ನು ಕೌಂಟರಿನ ಡ್ರಾಯರಿಗೆ ತಳ್ಳಿದ. ಮೂರನೇ ದಿನ ನೋವು ಇಳಿಯಿತು. ಒಳಗೊಳಗೇ ಬೆನ್ನು ತಟ್ಟಿಕೊಂಡ.

ಐದನೇ ದಿನ ಬೆಳಗ್ಗೆ ಎದ್ದಾಗ ಕೆನ್ನೆ ಉಬ್ಬಿ ಕಣ್ಣನ್ನು ಒತ್ತುತ್ತಿತ್ತು. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು.

“ಕನ್ನಡಿ ನೋಡ್ಕೊಂಡ್ರಾ? ಅರ್ಧ ಡಾಕ್ಟ್ರ ಮುಖ ಒಂದೂವರೆ ಆಗಿದೆ,” ಎಂದ ಹೆಂಡತಿಯ ದನಿಯಲ್ಲಿ ಈ ಸಲ ನಗು ಪೂರ್ತಿ ಇರಲಿಲ್ಲ.

ಮೇಲೆ, ಕುರ್ಚಿಯಲ್ಲಿ ಮಲಗಿಸಿ ಚಿಕ್ಕ ಡಾಕ್ಟರು ಕೆನ್ನೆ ಮುಟ್ಟಿ ನೋಡಿದಳು. ಹುಬ್ಬು ಗಂಟಿಕ್ಕಿತು. “ಎರಡೂ ಮಾತ್ರೆ ತಗೊಂಡ್ರಾ ಅಂಕಲ್?”

“ಹೂಂ.”

ಒಂದೇ ಅಕ್ಷರದ ಸುಳ್ಳು. ಅದಕ್ಕೆ ಬಾಯಿ ತೆರೆಯಬೇಕಾಗಿಯೂ ಇರಲಿಲ್ಲ.

ಅವಳು ದೊಡ್ಡವರನ್ನು ಕರೆದಳು. ಅವರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. “ಇಷ್ಟು ಊದಿದೆ ಅಂದ್ರೆ ಏನರ್ಥ? ನೀನು ಬರೆದದ್ದು ಸಾಲದು ಅಂತ.”

“ಸರ್, ಇವರು ಯಾವುದಾದ್ರೂ ಡೋಸು ತಪ್ಪಿಸಿರ್ಬಹುದಾ ಅಂತ...”

“ಇವರಾ? ಊರಿಗೆಲ್ಲ ಮಾತ್ರೆ ಕೊಡೋರು ಇವರು! ನಿನ್ನ ತಪ್ಪನ್ನ ಪೇಷೆಂಟ್ ತಲೆಗೆ ಕಟ್ಬೇಡ.” ಅವರು ಕೈಗವಸು ಬಿಚ್ಚಿದರು. “ಇನ್ಮೇಲೆ ಕೀಳೋ ಕೇಸೆಲ್ಲ ನನಗೆ ಕಳಿಸು. ಸದ್ಯಕ್ಕೆ ನೀನು ಹಲ್ಲು ಕ್ಲೀನ್ ಮಾಡ್ಕೊಂಡಿರು.”

ಮಾಸ್ಕಿನ ದಾರ ಸಿಕ್ಕಿಸಿದ್ದ ಅವಳ ಕಿವಿಗಳು ಕೆಂಪಾದವು. “ಸಾರಿ ಅಂಕಲ್,” ಎಂದಳು ಮೆಲ್ಲಗೆ. “ನಂದೇ ತಪ್ಪು.”

ಅವಳ ಮುಖ ನೋಡಲಾಗದೆ ಅವನು ತಲೆಯ ಮೇಲಿನ ದೀಪ ನೋಡಿದ. ದೊಡ್ಡವರು ಬರೆದುಕೊಟ್ಟ ಇಂಜೆಕ್ಷನ್ ತರಲು ಅವನ ಅಂಗಡಿಗೇ ಇಳಿಯಬೇಕಿತ್ತು. ಇಳಿದ. ಇಳಿಯುತ್ತಲೇ ಲೆಕ್ಕ ಹಾಕಿದ: ಹಲ್ಲು ಹೋಗಲಿ, ಊತ ಇಳಿಯಲಿ, ಆಮೇಲೆ ಒಂದು ದಿನ ಆ ಹುಡುಗಿಗೆ ಒಬ್ಬಳಿಗೇ ಹೇಳಿದರಾಯಿತು.

ಸಿರಿಂಜು ಹುಡುಕುತ್ತ ಡ್ರಾಯರು ಎಳೆದ ಹೆಂಡತಿಯ ಕೈ ನಿಂತಿತು.

“ರೀ, ಈ ಹಳದಿ ಮಾತ್ರೆ ನಿಮ್ಮ ಹಲ್ಲಿಗೆ ಬರೆದದ್ದೇ ಅಲ್ವಾ? ಹದಿನೈದಕ್ಕೆ ಹದಿನೈದೂ ಇದೆ.”

ಅವನು ಕಪಾಟಿನಿಂದ ಇಂಜೆಕ್ಷನ್ ಪೊಟ್ಟಣ ಇಳಿಸಿದ.

“ಮೇಲೆ ಏನಂದ್ರಿ?”

“ತಗೊಂಡೆ ಅಂದೆ,” ಎಂದ ಹಲ್ಲಿನ ಸಂದಿಯಿಂದ.

“ಅದಕ್ಕೆ?”

“ದೊಡ್ಡೋರು ಆ ಹುಡುಗೀನ ಬೈದ್ರು. ಇನ್ನು ಹಲ್ಲು ಕೀಳಂಗಿಲ್ಲ ಅಂದ್ರು.”

ಅವಳು ಕೂಗಾಡುತ್ತಾಳೆಂದು ಅವನು ಕಾದ. ಕೂಗಾಡಿದ್ದರೆ ತಾನೂ ತಿರುಗಿ ರೇಗಿ ಹಗುರಾಗಬಹುದಿತ್ತು. ಅವಳು ಇಂಜೆಕ್ಷನ್ ಪೊಟ್ಟಣವನ್ನೂ ಹಳದಿ ಹಾಳೆಯನ್ನೂ ಪಕ್ಕಪಕ್ಕ ಇಟ್ಟಳು. “ಎರಡೂ ತಗೊಂಡ್ಹೋಗಿ,” ಎಂದು ಗಿರಾಕಿಯ ಕಡೆ ತಿರುಗಿದಳು.

ಮೆಟ್ಟಿಲ ತಿರುವಿನಲ್ಲಿ ಅವನು ನಿಂತ. ಹುಡುಗಿಯ ಕಿವಿಯಲ್ಲಿ ಹೇಳಿದರೆ ಅವಳು ಯಾರಿಗೂ ಹೇಳಲಿಕ್ಕಿಲ್ಲ. ಹಾಗಾದರೆ ಹಲ್ಲು ಕ್ಲೀನ್ ಮಾಡಿಕೊಂಡೇ ಇರುತ್ತಾಳೆ. ಕೇಳಬೇಕಾದವರು ದೊಡ್ಡವರು.

ದೊಡ್ಡವರು ಹೊರಗಿನ ಮೇಜಿನ ಹತ್ತಿರವೇ ನಿಂತಿದ್ದರು. ಬೆಂಚಿನ ಮೇಲೆ ಬೇಕರಿಯವನು ಮತ್ತು ಶಾಲೆಯ ಟೀಚರು, ಇಬ್ಬರೂ ಅವನ ಗಿರಾಕಿಗಳು. ಚಿಕ್ಕ ಡಾಕ್ಟರು ಒಳಬಾಗಿಲಲ್ಲಿದ್ದಳು.

“ಡಾಕ್ಟ್ರೇ, ನಾಉ ಆತ್ರೆ ತಗೊಂಇಲ್ಲ.”

“ಏನು?”

“ಯಾತ್ರೆ ಅಂತಿದ್ದಾರೆ,” ಎಂದು ಟೀಚರು ಅರ್ಥ ಬಿಡಿಸಿದರು.

“ಅಯ್ಯೋ ಪಾಪ, ಯಾತ್ರೆಗೆ ಹೊರಟಿದ್ರೇನೋ,” ಎಂದ ಬೇಕರಿಯವನು. “ಟಿಕೆಟ್ ಬೇರೆ ಮಾಡ್ಸಿರ್ಬೇಕು.”

“ಯಾತ್ರೆ ಗೀತ್ರೆ ಎಲ್ಲ ಮುಂದಕ್ಕೆ ಹಾಕಿ. ಈ ಮುಖ ಹೊತ್ಕೊಂಡು ಎಲ್ಲಿಗ್ರೀ ಹೋಗ್ತೀರಿ?” ಎಂದರು ದೊಡ್ಡವರು.

ಅಲ್ಲಿಗೇ ಬಿಡಬಹುದಿತ್ತು. ಹೇಳಿದ್ದೆ, ಅವರಿಗೇ ತಿಳಿಯಲಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಇಳಿದುಬಿಡಬಹುದಿತ್ತು. ಅವನು ಎಡಗೈಯಿಂದ ದವಡೆ ಹಿಡಿದು, ಬಲಗೈಯಲ್ಲಿ ಹಳದಿ ಹಾಳೆ ಎತ್ತಿದ. ಬೀದಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

“ಮಾತ್ರೆ! ಇದು! ಒಂದೂ ತಗೊಂಡಿಲ್ಲ. ತಗೊಂಡೆ ಅಂತ ಸುಳ್ಳು ಹೇಳ್ದೆ. ಈ ಡಾಕ್ಟ್ರಮ್ಮಂದು ಏನೂ ತಪ್ಪಿಲ್ಲ.”

ನೋವಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಟೀಚರು ತಮ್ಮಷ್ಟಕ್ಕೇ ಎಂಬಂತೆ, “ಹೋದ ತಿಂಗಳು ಒಂದು ಡೋಸು ಮರೆತದ್ದಕ್ಕೆ ನನ್ನ ಮೇಲೆ ಗದರಿದ್ರಿ,” ಎಂದರು. ಬೇಕರಿಯವನು ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ದೊಡ್ಡವರು ಹಾಳೆ ತೆಗೆದುಕೊಂಡು ತಿರುಗಿಸಿ ನೋಡಿದರು. ಚಿಕ್ಕವಳ ಕಡೆ ತಿರುಗಿ, “ಕೇಳೋ ಮೊದಲೇ ಅಂದುಬಿಟ್ಟೆ ಕಣಮ್ಮ,” ಎಂದರು. “ಇವರ ಹಲ್ಲು ನೀನೇ ತೆಗಿ. ಇನ್ಮೇಲಿನ ಕೇಸುಗಳೂ ನಿಂದೇ.”

ಅವಳು ನಗಲಿಲ್ಲ. ಅಂಕಲ್ ಎನ್ನಲೂ ಇಲ್ಲ. “ಇಂಜೆಕ್ಷನ್ ಈಗ ಹಾಕ್ತೀನಿ. ಮಾತ್ರೆ ಇನ್ನು ಇಲ್ಲೇ ಮೇಜಿನ ಮೇಲಿರತ್ತೆ. ದಿನಕ್ಕೆ ಮೂರು ಸಲ ಮೆಟ್ಟಿಲು ಹತ್ತಿ ಬಂದು ನನ್ನೆದುರಿಗೆ ನುಂಗ್ಬೇಕು. ಐದು ದಿನ.”

“ಅಂಗಡೀಲಿ ಜನ...”

“ಮೂರು ಸಲ.”

ಅವಳೇ ಹಾಳೆ ಚಿವುಟಿ ಮೊದಲ ಮಾತ್ರೆ ಅಂಗೈಗೆ ಹಾಕಿದಳು. ಬೆರಳಗಲದ ಸಂದಿಯಲ್ಲಿ ಅದನ್ನು ತೂರಿಸಿ, ನೀರು ಸುರಿದುಕೊಂಡು, ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡು ನುಂಗಿದ. ಟೀಚರೂ ಬೇಕರಿಯವನೂ ನೋಡುತ್ತಿದ್ದರು. ಹೋಗಬೇಕೋ ನಿಲ್ಲಬೇಕೋ ತಿಳಿಯದೆ ನಿಂತ. ಆಮೇಲೆ ಯಾರೂ ಕೇಳದಿದ್ದರೂ ತಾನಾಗಿಯೇ, ತೆರೆಯುವಷ್ಟು ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದ.

ಬೇಡ ಬಿಡಿ ಅನ್ನುತ್ತಾಳೆಂದು ಒಂದು ಗಳಿಗೆ ಆಸೆಪಟ್ಟ. ಅವಳು ಜೇಬಿನಿಂದ ಟಾರ್ಚು ತೆಗೆದಳು, ಬಗ್ಗಿದಳು, ನಾಲಿಗೆಯ ಕೆಳಗೆ, ಕೆನ್ನೆಯ ಒಳಗೆ, ಎರಡೂ ಕಡೆ ಬೆಳಕು ಹಾಯಿಸಿ ನೋಡಿದಳು.

“ಸರಿ. ಮಧ್ಯಾಹ್ನ ಎರಡಕ್ಕೆ ಬನ್ನಿ.”